ಯಂಕಣ್ಣ ಮಾಸ್ತರರು ಮಾಳಿಗೆಗೆ ಎಸೆದದ್ದು

"ನನ್ನ ಮಗಳ ಹಲ್ಲು ವಿಜ್ಞಾನದಿಂದನ ಬರಬೇಕು! ಸಗಣಿಯಿಂದ ಅಲ್ಲ!"

ದಸರೆ ರಜೆಗೆಂದು ದೇವದುರ್ಗದ ಮನೆಗೆ ಬಂದಿದ್ದ ಯಂಕಣ್ಣ ಮಾಸ್ತರರು ಪಡಸಾಲೆಯ ನಡುವೆ ನಿಂತು ಹೀಗೆ ಗುಡುಗಿದಾಗ, ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಅವರ ತಾಯಿ ಆದೆಮ್ಮ ತಲೆ ಕೂಡ ಎತ್ತಲಿಲ್ಲ.

"ನಿನ್ನ ಹಾಲಹಲ್ಲು ಎಲ್ಲಾ ಸಗಣ್ಯಾಗಿಟ್ಟು ಈ ಮಾಳಗಿ ಮ್ಯಾಲ ನಾನ ಒಗದೀನಿ. ಬಂದಾವಿಲ್ಲೋ? ಅವೇ ಹಲ್ಲು ತಕ್ಕೊಂಡು ನನಗ ಬುದ್ಧಿ ಹೇಳಾಕತ್ತೀ!"

ಮಾಸ್ತರರು ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ಗ್ರಹಣದ ದಿನ ಮಕ್ಕಳನ್ನೆಲ್ಲ ಮೈದಾನಕ್ಕೆ ಕರೆದು ಉಪ್ಪಿಟ್ಟು ತಿನ್ನಿಸಿದ ಧೀರರು! ಅಂಥವರ ಮನೆಯಲ್ಲೇ ಒಂದು ಹಲ್ಲು ಹಟ ಹಿಡಿದಿತ್ತು. ಅವರದೇ ಶಾಲೆಯಲ್ಲಿ ಒಂಬತ್ತನೇ ಇಯತ್ತೆ ಓದುವ ಮಗಳು ಮಲ್ಲೇಶ್ವರಿಯ ಮೇಲಿನ ಕೋರೆಹಲ್ಲು ಬರಲೇ ಇಲ್ಲ. ಅದರ ಜಾಗದಲ್ಲಿ ಹಾಲುಹಲ್ಲು, ಅವಧಿ ಮುಗಿದರೂ ಕುರ್ಚಿ ಬಿಡದ ಅಧ್ಯಕ್ಷರಂತೆ, ಗಟ್ಟಿಯಾಗಿ ಕೂತುಬಿಟ್ಟಿತ್ತು.

ರಾಯಚೂರಿನ ದಂತವೈದ್ಯೆ ತಹಮೀನಾ ಎಕ್ಸ್‌ರೇ ಹಿಡಿದು ತೋರಿಸಿದ್ದರು. ಹೊಸ ಹಲ್ಲು ದವಡೆಯ ಎಲುಬಿನೊಳಗೆ, ರಾತ್ರಿ ಬಸ್ಸಿನ ಸೀಟಿನ ಮೇಲೆ ಅಡ್ಡಡ್ಡ ಮಲಗಿದ ಪ್ರಯಾಣಿಕನಂತೆ ಕಾಲು ಚಾಚಿ, ಪಕ್ಕದ ಹಲ್ಲಿನ ಬೇರನ್ನು ಒದೆಯುತ್ತಿತ್ತು. ಬೇಸಿಗೆಯಲ್ಲಿ ಹಾಲುಹಲ್ಲು ಕಿತ್ತು, ವಸಡು ಬಿಡಿಸಿ, ಒಳಗಿನ ಹಲ್ಲಿಗೆ ಎಳೆಯಷ್ಟು ಸಣ್ಣ ಸರಪಳಿ ಅಂಟಿಸಿದರು. ಅಂಗುಳಕ್ಕೆ ಕೂರುವ ಗುಲಾಬಿ ಬಣ್ಣದ ಪ್ಲೇಟು ಕೊಟ್ಟರು. ಪ್ಲೇಟಿನ ಕೊಕ್ಕೆಯಿಂದ ಸರಪಳಿಗೆ ರಬ್ಬರು. ಅದು ಹಗಲಿರುಳು ಹಲ್ಲನ್ನು ಕೆಳಗೆ ಜಗ್ಗಬೇಕು.

"ಊಟದಾಗ ಅಷ್ಟ ತೆಗಿಯವ್ವಾ. ಉಳಿದಂಗ ಬಾಯಾಗ ಇರಬೇಕು," ಎಂದಿದ್ದರು ಡಾಕ್ಟರು. "ಜಗ್ಗೋದು ನಿಂತ್ರ ಆ ಹಲ್ಲು ಅಲ್ಲೇ ಉಳೀತದ. ಪಕ್ಕದ ಹಲ್ಲಿನ ಬೇರೂ ತಿಂದುಬಿಡ್ತದ."

ಊರ ಜನಕ್ಕೆ ಇದೆಲ್ಲ ಬೇಕಿರಲಿಲ್ಲ. ಅವರಿಗೆ ಇದ್ದದ್ದು ಒಂದೇ ಪ್ರಶ್ನೆ. "ಏನ್ರಿ ಮಾಸ್ತರ, ಹುಡುಗಿ ಹಲ್ಲು ನೆಟ್ಟಗ ಮಾಡ್ಸಾಕತ್ತೀರಿ, ವರ ಗೊತ್ತಾಗ್ಯಾನೇನು?"

"ಹಲ್ಲು ಇರೋದು ತಿನ್ನಾಕ, ಮಾತಾಡಾಕ! ಗಂಡಿನ ಕಡಿಯವರಿಗೆ ತೋರ್ಸಾಕಲ್ಲ!" ಎಂದು ಮಾಸ್ತರರು ಬಸ್ ನಿಲ್ದಾಣದಲ್ಲೇ ಕೂಗಾಡಿದ್ದರು. ಹದಿನಾಲ್ಕರ ಹುಡುಗಿಯ ಬಾಯಿಯಲ್ಲೂ ಮದುವೆಯನ್ನೇ ಕಾಣುವವರಿಗೆ ಅಷ್ಟಾದರೂ ಬೇಕಿತ್ತು. ಆ ಮಾತಿಗೆ ನಮ್ಮದೊಂದು ನಮಸ್ಕಾರ. ಆದರೆ ಮುಂದೆ ಅವರು ಮಾಡಿದ ಘನಕಾರ್ಯಕ್ಕೆ ಮಾತ್ರ ನಮಸ್ಕಾರವಿಲ್ಲ!

ಮಧ್ಯಾಹ್ನದ ಊಟವಾಗಿ ಮನೆಯೆಲ್ಲ ಅಡ್ಡಾಯಿತು. ಮಾಸ್ತರರಿಗೆ ಮಾತ್ರ ನಿದ್ದೆಯಿಲ್ಲ. ದಸರೆ ಬಂದರೂ ಹಲ್ಲು ಕಂಡಿಲ್ಲ. ಬರದೇ ಹೋದರೆ? ಒಂದು ವೇಳೆ ಅವ್ವ ಹೇಳಿದ್ದೇ...? ಛೇ! ಆದರೂ... ಒಗೆದರೆ ಕಳೆದುಕೊಳ್ಳುವುದೇನು? ನೋಡುವವರು ಯಾರು?

ವೇದಿಕೆಯ ಮೇಲೆ ಒಂದು, ಮನೆಯ ಹಿತ್ತಲಲ್ಲಿ ಇನ್ನೊಂದು! ಕಲಿತವರ ಈ ರೋಗಕ್ಕೆ ಯಾವ ಎಕ್ಸ್‌ರೇಯೂ ಇಲ್ಲ.

ಗೋಡೆಯ ಗೂಡಿನಲ್ಲಿ ಒಂದು ಕಾಗದದ ಪೊಟ್ಟಣವಿತ್ತು. ಅಜ್ಜಿಗೆ ತೋರಿಸಲೆಂದು ಮಲ್ಲಿ ಹಾಲುಹಲ್ಲು ತಂದಿದ್ದು ಮಾಸ್ತರರಿಗೆ ಗೊತ್ತು. ಹಲ್ಲಿಗಿಂತ ಪೊಟ್ಟಣ ದೊಡ್ಡದಾಯಿತಲ್ಲ ಎಂದು ಕ್ಷಣ ಅನಿಸಿತು. ಆದರೆ ಹೆಂಡತಿ ಅನ್ನಪೂರ್ಣ ಏನು ಕಟ್ಟಿದರೂ ಗಂಟು ದೊಡ್ಡದೇ! ಬಿಚ್ಚಿ ನೋಡಲಿಲ್ಲ. ನೋಡದೆ ಮಾಡಿದರೆ ವಿಜ್ಞಾನಕ್ಕೆ ಅರ್ಧವೇ ದ್ರೋಹವೆಂದು ಲೆಕ್ಕ. ಕೊಟ್ಟಿಗೆಗೆ ನುಗ್ಗಿದರು, ಹಸಿ ಸಗಣಿಯಲ್ಲಿ ಪೊಟ್ಟಣ ಹುದುಗಿಸಿ ಉಂಡೆ ಕಟ್ಟಿದರು, ಕಣ್ಣು ಮುಚ್ಚಿ ಮಾಳಿಗೆಗೆ ಒಗೆದರು. ಧಪ್!

ಕೈ ತೊಳೆದು ಬರುವಷ್ಟರಲ್ಲಿ ಮಲ್ಲಿ ಎದ್ದಿದ್ದಳು.

"ಅಪ್ಪಾ, ಗೂಡಿನ್ಯಾಗಿನ ನನ್ನ ಪ್ಲೇಟು ನೋಡಿಯೇನು? ಉಣ್ಣಾಕ ಕುಂತಾಗ ಕಾಗದದಾಗ ಸುತ್ತಿ ಇಟ್ಟಿದ್ದೆ."

ಮಾಸ್ತರರು ಒದ್ದೆ ಕೈ ಬೆನ್ನಿಗೆ ಸರಿಸಿದರು. "ಅದು... ಹಲ್ಲಲ್ಲೇನು?"

"ಹಲ್ಲು ನನ್ನ ಕಂಪಾಸ ಪೆಟ್ಟಿಗ್ಯಾಗ ಅದ. ಅದ್ರ ಚಿಂತಿ ನಿನಗ್ಯಾಕ?"

"ಏನಿಲ್ಲವ್ವಾ. ಮಾಳಗಿ ಮ್ಯಾಲ ಗಾಳಿ ಒತ್ತಡ ಎಷ್ಟದ ನೋಡಿ ಬರ್ತೀನಿ!"

ನಿಚ್ಚಣಿಕೆ ಏರಿ ನೋಡಿದರೆ ಎದೆಯೇ ಒಡೆಯಿತು. ಮಾಳಿಗೆಯ ತುಂಬ ಆದೆಮ್ಮ ಅಂದೇ ಬೆಳಿಗ್ಗೆ ತಟ್ಟಿದ ಕುಳ್ಳು! ಸಗಣಿಯ ಮಹಾಸಾಗರದಲ್ಲಿ ಮಾಸ್ತರರ ಉಂಡೆ ಹನಿಯಂತೆ ಬೆರೆತುಹೋಗಿತ್ತು. ಧೋತರ ಎತ್ತಿ ಕಟ್ಟಿ, ಒಂದೊಂದೇ ಕುಳ್ಳು ಮುರಿಯತೊಡಗಿದರು.

"ಯಾವನಲೇ ಅವ, ನನ್ನ ಕುಳ್ಳು ಮುರಿಯಾಕತ್ತಾನ?" ಕೆಳಗಿನಿಂದ ಆದೆಮ್ಮನ ಗರ್ಜನೆ.

"ನಾ ಬೇ, ಯಂಕ!"

"ನಿನಗೇನು ಬಂತೋ ದೊಡ್ಡ ರೋಗ?"

ಅಷ್ಟರಲ್ಲಿ ನಿಚ್ಚಣಿಕೆಯ ತುದಿಯಲ್ಲಿ ಅನ್ನಪೂರ್ಣಳ ಮುಖ ಮೂಡಿತು. ಕೆಳಗೆ ಮಗಳು ಪ್ಲೇಟು ಹುಡುಕುತ್ತಿದ್ದಳು; ಗಂಡನ ಮೊಳಕೈವರೆಗಿನ ಸಗಣಿ ಕಂಡದ್ದೇ ಎಲ್ಲ ತಿಳಿಯಿತು.

"ರೀ! ಒಗದ್ರಿ ಹೌದಿಲ್ಲೋ?"

"ಒಗದಿಲ್ಲ... ಎತ್ತರದಾಗ ಇಟ್ಟೆ."

"ಗ್ರಹಣದಾಗ ಉಪ್ಪಿಟ್ಟು ತಿನ್ಸೋ ಮಾಸ್ತರು ನೀವು! ಸರೀರಿ, ಆ ಕಡಿ ನಾ ಹುಡುಕ್ತೀನಿ."

ಕೊನೆಗೆ ಸಿಕ್ಕಿತು. ಪ್ಲೇಟು ಒಂದಿಷ್ಟೂ ಮುಕ್ಕಾಗಿರಲಿಲ್ಲ! ಮಾಸ್ತರರ ವಿಜ್ಞಾನ ಮತ್ತೆ ತಲೆಯೆತ್ತಿತು. "ಕುದಿಯೋ ನೀರು ತರ್ರಿ! ಕ್ರಿಮಿ ಎಲ್ಲಾ ಸಾಯ್ತಾವ!" ಎಂದು ಗಡಬಡಿಸಿ ತಾವೇ ಕುದಿವ ಎಸರಿಗೆ ಹಾಕಿದರು. ತೆಗೆದು ನೋಡಿದರೆ ಪ್ಲೇಟು ಎಣ್ಣೆಗೆ ಬಿದ್ದ ಹಪ್ಪಳದಂತೆ ಮುದುಡಿ ಸೊಟ್ಟಗಾಗಿತ್ತು.

ಆದೆಮ್ಮ ಹಣೆ ಹಣೆ ಬಡಿದುಕೊಂಡಳು. "ಸಗಣ್ಯಾಗ ಬಿದ್ದಾಗ ನೆಟ್ಟಗಿತ್ತಲ್ಲೋ! ನಿನ್ನ ವಿಜ್ಞಾನದಾಗ ಬಿದ್ದು ಸೊಟ್ಟ ಆತು!"

ಯಾರೂ ನಗಲಿಲ್ಲ. ಮಲ್ಲಿಯ ಕಣ್ಣು ತುಂಬಿತ್ತು. "ಅಪ್ಪಾ, ಪಕ್ಕದ ಹಲ್ಲೂ ಹೋದ್ರ ಏನ್ ಮಾಡ್ಲಿ?" ಎಂದಳು. ಮಾಸ್ತರರು ಸೊಟ್ಟ ಪ್ಲೇಟನ್ನು ಒರೆಸಿ ಕರವಸ್ತ್ರದಲ್ಲಿ ಕಟ್ಟಿದರು.

ಮರುದಿನ ರಾಯಚೂರಿನ ಮೊದಲ ಬಸ್ಸು ಹಿಡಿದರು. ದಾರಿಯುದ್ದಕ್ಕೂ ಮಾಸ್ತರರು ಒಂದು ಗಂಭೀರ ಕಥೆ ಹೊಸೆದಿದ್ದರು.

"ಇದು ಹ್ಯಾಂಗ ಆತ್ರಿ ಸರ್?" ಡಾಕ್ಟರು ಸೊಟ್ಟ ಪ್ಲೇಟನ್ನು ಬೆಳಕಿಗೆ ಹಿಡಿದರು.

"ನಾಯಿ, ಮೇಡಂ... ನಾಯಿ ಕಚ್ಚಿಕೊಂಡು..."

"ನಾಯಿ ಅಲ್ರಿ ಮೇಡಂ," ಎಂದಳು ಮಲ್ಲಿ. "ಅಪ್ಪ."

ಆಮೇಲೆ ಸಗಣಿ, ಮಾಳಿಗೆ, ಎಸರು ಯಾವುದನ್ನೂ ಬಿಡದೆ ಹೇಳಿದಳು. ಡಾಕ್ಟರ ಮಾಸ್ಕು ನಗೆಗೆ ಕುಣಿಯಿತು. ಆದರೆ ಹುಡುಗಿಯ ತುಟಿ ಸರಿಸಿ ದೀಪ ಬಿಟ್ಟವರು ಥಟ್ಟನೆ ಇನ್ನಷ್ಟು ಬಾಗಿ ನೋಡಿದರು.

"ಇಲ್ಲಿ ಬರ್ರಿ ಸರ್, ನೋಡ್ರಿ. ವಸಡಿನ್ಯಾಗ ಬೆಳ್ಳಗ ಏನದ? ಹಲ್ಲಿನ ತುದಿ! ಪ್ಲೇಟು ತನ್ನ ಕೆಲಸ ಮಾಡ್ಯಾದ. ಹೊಸಾದು ಮಾಡಿ ಕೊಡ್ತೀನಿ, ಏನೂ ಹೆದರಬ್ಯಾಡ್ರಿ. ತೊಳಿಯಾಕ ತಣ್ಣೀರು ಅಷ್ಟ ಅಂತ ಮೊದಲ ಹೇಳಿದ್ನಲ್ರಿ?"

ಮಾಸ್ತರರ ಕಿವಿಗೆ ತಣ್ಣೀರಿನ ಮಾತು ಬೀಳಲೇ ಇಲ್ಲ. ಅಕ್ಕಿಕಾಳಿನಷ್ಟು ಬಿಳುಪು, ಆದರೆ ಅವರ ಕಣ್ಣಿಗೆ ಬೆಟ್ಟ! ಎದೆ ಉಬ್ಬಿತು. ಇನ್ನಷ್ಟು ಉಬ್ಬಲು ಇನ್ನೊಂದು ಕಾರಣವೂ ಹೊಳೆಯಿತು: ಹಾಲುಹಲ್ಲು ಕಂಪಾಸ ಪೆಟ್ಟಿಗೆಯಲ್ಲೇ ಇದೆ, ಮಾಳಿಗೆ ಕಂಡೇ ಇಲ್ಲ, ಆದರೂ ಹೊಸ ಹಲ್ಲು ಬಂದಿದೆ! ಇಷ್ಟು ವರ್ಷ ಭಾಷಣದಲ್ಲಿ ಒದರಿದ್ದಕ್ಕೆ ತಾನಾಗಿಯೇ ಕೈಗೆ ಸಿಕ್ಕ ಸಾಕ್ಷಿ! ಆದರೆ ಸಾಕ್ಷಿ ಹೇಳಬೇಕೆಂದರೆ ಆರೋಪಿಯ ಹೆಸರೂ ಹೇಳಬೇಕಲ್ಲ! ಮಾಸ್ತರರು ಬಾಯಿ ಹೊಲಿದುಕೊಂಡರು.

ಮಗಳು ಹೊಲಿದುಕೊಳ್ಳಲಿಲ್ಲ. ರಜೆ ಮುಗಿದು ಶಾಲೆ ತೆರೆದ ಮೊದಲ ವಾರ, ವಿಜ್ಞಾನ ಸಂಘದ ಸಭೆಯಲ್ಲಿ ಮಲ್ಲೇಶ್ವರಿ ಎದ್ದು ನಿಂತಳು. ಹೊಸ ಪ್ಲೇಟಿನಿಂದ ಮಾತು ತುಸು ತೊದಲುತ್ತಿತ್ತು, ಧೈರ್ಯ ಮಾತ್ರ ತೊದಲಲಿಲ್ಲ. ಅಪ್ಪ ಕಲಿಸಿದ ಕ್ರಮದಲ್ಲೇ ಒಪ್ಪಿಸಿದಳು: ಉದ್ದೇಶ, ಬೇಕಾಗುವ ಸಾಮಗ್ರಿ, ವಿಧಾನ. ಸಾಮಗ್ರಿಯಲ್ಲಿ ಸಗಣಿ ಬಂದಾಗಲೇ ಮಕ್ಕಳು ಬೆಂಚು ಗುದ್ದತೊಡಗಿದ್ದರು. ಮುಂದಿನ ಸಾಲಿನಲ್ಲಿ ಕೂತ ಮಾಸ್ತರರು ಮುಖ ಕೆಂಪಾಗಿಸಿಕೊಂಡರೂ, ಪಕ್ಕದ ಹೆಡ್‌ಮಾಸ್ತರರಿಗೆ "ನನ್ನ ಮಗಳ್ರಿ" ಎನ್ನದೆ ಇರಲಾಗಲಿಲ್ಲ.

"ನಿರ್ಣಯ," ಎಂದಳು ಮಲ್ಲಿ. "ಹಾಲುಹಲ್ಲನ್ನು ಮಾಳಿಗೆಗೆ ಒಗೆಯದಿದ್ದರೂ ಹೊಸ ಹಲ್ಲು ಬರುತ್ತದೆ."

ಮಾಸ್ತರರೇ ಎಲ್ಲರಿಗಿಂತ ಮೊದಲು ಎದ್ದು ಚಪ್ಪಾಳೆ ತಟ್ಟಿದರು.

"ಕುಂದ್ರಪಾ, ಇನ್ನೂ ಮುಗಿದಿಲ್ಲ," ಎಂದು ಮಗಳು ಹಾಳೆ ತಿರುವಿದಳು. "ಮುನ್ನೆಚ್ಚರಿಕೆ: ಪ್ರಯೋಗ ಮುಗಿಯುವವರೆಗೆ ವಿಜ್ಞಾನ ಮಾಸ್ತರರನ್ನು ಕೊಟ್ಟಿಗೆಯಿಂದ ದೂರ ಇಡಬೇಕು."