ಹಿಂದಿನ ಕೋಣೆಯ ಗೂಡ್ಸ್ ಗಾಡಿ

ಅಕ್ಕನ ಮದುವೆಯಾದ ಹೊಸತರಲ್ಲಿ ನಮ್ಮ ಭಾವ ರೈಲ್ವೆಯಲ್ಲಿ ಭಾರೀ ಅಧಿಕಾರಿ ಎಂದೇ ನಾನು ನಂಬಿದ್ದೆ. ತಪ್ಪು ನನ್ನದಲ್ಲ. ಯಾವಾಗ ಫೋನ್ ಮಾಡಿದರೂ ಆ ಕಡೆಯಿಂದ ಬರುತ್ತಿದ್ದ ಉತ್ತರ ಒಂದೇ: "ಈಗ ಆಗಲ್ಲಪ್ಪಾ, ಯಾರ್ಡಿನಲ್ಲಿ ಹನ್ನೊಂದು ವ್ಯಾಗನ್ ಸಿಕ್ಕಿಹಾಕಿಕೊಂಡಿವೆ. ಲೈನ್ ಕ್ಲಿಯರ್ ಮಾಡಿ ಆಮೇಲೆ ಮಾತಾಡ್ತೀನಿ." ಇಂಥ ಮಹನೀಯರ ಸಮಯ ಹಾಳುಮಾಡಬಾರದೆಂದು ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಭಕ್ತಿಯಿಂದ ಕೆಳಗಿಡುತ್ತಿದ್ದೆ. ಗೆಳೆಯನೊಬ್ಬ ಬರ್ತ್ ಸಿಗದೆ ಪರದಾಡುತ್ತಿದ್ದಾಗ, "ನಮ್ಮ ಭಾವನಿಗೆ ಒಂದು ಮಾತು ಹೇಳಿದರೆ ಸಾಕು, ಇಡೀ ಬೋಗಿಯನ್ನೇ ತೆಗೆಸಿಕೊಡ್ತಾರೆ" ಎಂದು ಎದೆ ತಟ್ಟಿಕೊಂಡು ಅವನನ್ನು ಕರೆದುಕೊಂಡೂ ಹೋದೆ. ಹಿಂದಿನ ಕೋಣೆಯ ಬಾಗಿಲು ತಳ್ಳಿ ನೋಡಿದರೆ ಇಡೀ ಬೋಗಿ ಭಾವನ ಅಂಗೈ ಮೇಲೆ ಕೂತಿತ್ತು! ಅವರು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದರ ಚಕ್ರ ತಿಕ್ಕುತ್ತಿದ್ದರು.

ಭಾವನ ಕೆಲಸ ಕನ್ನಡಕದ ಅಂಗಡಿಯಲ್ಲಿ. ಊರಿನವರ ಕಣ್ಣಿಗೆಲ್ಲ ಸರಿಯಾದ ಗಾಜು ಕೂರಿಸಿ ಕಳಿಸುವುದೇ ಅವರ ವೃತ್ತಿ. ರೈಲ್ವೆಯಲ್ಲಿದ್ದದ್ದು ಅಕ್ಕ! ಮದುವೆಯಾದ ವರ್ಷವೇ ಸ್ಟೇಷನ್ನಿನ ಹಿಂದಿನ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತೆಯಾಗಿ ಸೇರಿದವಳಿಗೆ ಈಗ ಇಪ್ಪತ್ತೆರಡು ವರ್ಷದ ಸರ್ವಿಸು. "ಆಫೀಸಿಗೆ ಹೋಗ್ತೀನಿ" ಎನ್ನುತ್ತಿದ್ದಳು, ಯಾವ ಆಫೀಸು ಎಂದು ಕೇಳುವ ತೊಂದರೆಯನ್ನು ನಾನು ತೆಗೆದುಕೊಂಡಿರಲಿಲ್ಲ. ನಿಜವಾದ ವ್ಯಾಗನ್‌ಗಳ ನಡುವೆ ದಿನವಿಡೀ ನಿಂತು ಬರುವವಳು ಮನೆಯಲ್ಲಿ ಆ ಶಬ್ದವನ್ನೇ ಎತ್ತುತ್ತಿರಲಿಲ್ಲ. ಎತ್ತುವವರು ಬೇರೆ ಇದ್ದರಲ್ಲ!

ಇಪ್ಪತ್ತು ವರ್ಷ ಭಾವನ ಪುಟಾಣಿ ಮಾದರಿ ಗಾಡಿಗಳು ಹಿಂದಿನ ಕೋಣೆಯಲ್ಲಿ ಹಾಸಿದ ಪುಟಾಣಿ ಹಳಿಗಳ ಮೇಲೆ ಸುತ್ತಿದವು. ಎಲ್ಲಿಗೂ ಹೋಗಲಿಲ್ಲ, ಸುತ್ತಿದವು ಅಷ್ಟೆ. ಹೀಗಿರುವಾಗ ಮಾದರಿ ರೈಲಿನ ಹವ್ಯಾಸಿಗಳ ಪತ್ರಿಕೆಯೊಂದರಲ್ಲಿ ಅವರು ಒಂದು ಮಾತು ಓದಿದರು: ಕಾರಣವಿಲ್ಲದೆ ಸುತ್ತುವ ಗಾಡಿ ಆಟಿಕೆ, ಸರಕು ಹೊತ್ತು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಗಾಡಿ ರೈಲ್ವೆ. ಭಾವನಿಗೆ ಕುರ್ಚಿಯಲ್ಲೇ ಜ್ಞಾನೋದಯವಾಯಿತು. ಎದ್ದು ನಿಂತು ಘೋಷಿಸಿದರು: "ಇನ್ನು ಮುಂದೆ ಈ ಮನೆಯಲ್ಲಿ ಏನೊಂದೂ ಉದ್ದೇಶವಿಲ್ಲದೆ ಉರುಳುವುದಿಲ್ಲ!"

"ಹಾಗಾದ್ರೆ ಹೊರಗಿರೋ ಸಿಲಿಂಡರ್ ಉರುಳಿಸಿಕೊಂಡು ಬನ್ನಿ, ಉದ್ದೇಶ ಇದೆ" ಎಂದಳು ಅಕ್ಕ.

ಮುಂದಿನ ಎರಡು ತಿಂಗಳು ಕೈಗಾರಿಕಾ ಕ್ರಾಂತಿ. ಪೌಡರ್ ಡಬ್ಬಿಗಳಿಂದ ಸಿಮೆಂಟ್ ಕಾರ್ಖಾನೆ ಎದ್ದಿತು. ಬೆಂಕಿಕಡ್ಡಿಗಳಿಂದ ಮರದ ಮಿಲ್ಲು, ಟೂತ್‌ಪೇಸ್ಟಿನ ಪೆಟ್ಟಿಗೆಯಿಂದ ಬಿಸ್ಕತ್ ಕಾರ್ಖಾನೆ. ಬೀರುವಿನ ಹಿಂದೆ ಏರುಹಳಿಯ ಕೊನೆಗೆ ಕತ್ತಲಲ್ಲಿದ್ದ ಒಂದು ಹಲಗೆಗೆ 'ಹೊರಜಗತ್ತು' ಎಂದು ನಾಮಕರಣವಾಯಿತು. ಸರಕು ಅಲ್ಲಿಂದ ಬರುತ್ತದೆ, ಅಲ್ಲಿಗೇ ಹೋಗುತ್ತದೆ. ಪ್ರತಿ ವ್ಯಾಗನ್ನಿಗೆ ಒಂದು ರಟ್ಟಿನ ಕಾರ್ಡು, ಕಾರ್ಡಿಗೊಂದು ಜೇಬು, ಜೇಬಿನಲ್ಲಿ ಒಂದು ಮಾಲಿನ ಚೀಟಿ: ಯಾವ ಸರಕು, ಎಲ್ಲಿಂದ, ಎಲ್ಲಿಗೆ. ಚೀಟಿ ಹೇಳಿದ ಜಾಗದಲ್ಲೇ ವ್ಯಾಗನ್ ಬಿಟ್ಟು ಬರಬೇಕು.

"ಅಲ್ರೀ, ಊರಲ್ಲಿ ಮೂರು ಕಾರ್ಖಾನೆ ಇದೆ, ಒಂದೇ ಒಂದು ಮನೆಯಿಲ್ಲ. ಆ ಬಿಸ್ಕತ್ ತಿನ್ನೋದು ಯಾರು?" ಎಂದಳು ಅಕ್ಕ.

"ಅದು ವ್ಯಾಪಾರದ ವಿಷಯ. ನಮ್ಮದು ಸಾಗಣೆ ಮಾತ್ರ" ಎಂದರು ಭಾವ, ಗಾಂಭೀರ್ಯದಿಂದ.

ಇದೇ ಹೊತ್ತಿಗೆ ಅಕ್ಕನಿಗೂ ಒಂದು ಉದ್ದೇಶ ಹುಟ್ಟಿತ್ತು. ಗೂಡ್ಸ್ ಸೂಪರ್‌ವೈಸರ್ ಹುದ್ದೆಗೆ ಇಲಾಖೆಯ ಪರೀಕ್ಷೆ, ಇನ್ನೆರಡು ತಿಂಗಳಿದೆ. ಅದು ತಪ್ಪಿದರೆ ವಯಸ್ಸಿನ ಲೆಕ್ಕದಲ್ಲಿ ಮತ್ತೆ ಕೂರುವಂತಿಲ್ಲ. ಅವಳು ಕೇಳಿದ್ದು ಒಂದು ಮೇಜು, ಒಂದು ಕುರ್ಚಿ, ಒಳಗಿನಿಂದ ಹಾಕಿಕೊಳ್ಳಬಹುದಾದ ಒಂದು ಚಿಲಕ. ಅಂದರೆ ಹಿಂದಿನ ಕೋಣೆ.

"ಹಿಂದಿನ ಕೋಣೆಯಾ!" ಭಾವ ಬೆಚ್ಚಿಬಿದ್ದರು. "ಅಲ್ಲಿ ಇಪ್ಪತ್ತನಾಲ್ಕು ವ್ಯಾಗನ್ ಚಲನೆಯಲ್ಲಿವೆ. ರಾಷ್ಟ್ರದ ಸರಬರಾಜು ನಿಂತುಹೋಗುತ್ತೆ."

"ಯಾವ ರಾಷ್ಟ್ರ? ಬೀರು ಹಿಂದೆ ಇದೆಯಲ್ಲ, ಅದಾ?"

ಮಾತಿಗೆ ಮಾತು ಬೆಳೆಯಿತು. ಬೆಳೆದ ಮಾತಿನ ತುದಿಯಲ್ಲಿ ಭಾವ ಹೇಳಬಾರದ್ದನ್ನು ಹೇಳಿಬಿಟ್ಟರು: "ಈ ಭಾನುವಾರ ನಮ್ಮ ಮಾದರಿ ರೈಲು ಕ್ಲಬ್ಬಿನವರು ಬರ್ತಾರೆ. ಮೂರರಿಂದ ಆರು ಗಂಟೆಯೊಳಗೆ ಇಪ್ಪತ್ತನಾಲ್ಕೂ ವ್ಯಾಗನ್ ಚೀಟಿ ಪ್ರಕಾರ ತಲುಪಿಸ್ತೀವಿ. ಥೇಟ್ ನಿಜವಾದ ರೈಲ್ವೆ! ಒಂದೇ ಒಂದು ತಪ್ಪಿದರೂ ಕೋಣೆ ನಿನ್ನದು."

"ಥೇಟ್ ನಿಜವಾದದ್ದಾ?"

"ನೂರಕ್ಕೆ ನೂರು!"

ಅಕ್ಕ "ಸರಿ" ಎಂದು ಒಳಗೆ ಹೋದಳು. ಅವಳು ಒಂದೇ ಮಾತಿಗೆ "ಸರಿ" ಎಂದಾಗ ಹೆದರಬೇಕೆಂದು ಇಪ್ಪತ್ತೆರಡು ವರ್ಷದ ಸಂಸಾರ ಭಾವನಿಗೆ ಕಲಿಸಿರಲಿಲ್ಲ.

ಭಾನುವಾರ ಬಂತು. ಕ್ಲಬ್ಬಿನ ಅಧ್ಯಕ್ಷರಾದ ಹಲ್ಲಿನ ಡಾಕ್ಟರು ಬಂದರು. ಎಂಜಿನ್ ಡ್ರೈವರ್ ಟೋಪಿ ಹಾಕಿಕೊಂಡು ನಿವೃತ್ತ ಡ್ರಿಲ್ ಮಾಸ್ತರರು ಬಂದರು, ಕೊರಳಲ್ಲಿ ಶಾಲೆಯ ಸೀಟಿ. ಬರದೆ ಉಳಿದವನು ಕ್ಲಬ್ಬಿನ ಇನ್ನೊಬ್ಬ ಸದಸ್ಯ, ಬಡಗಿ. ಗೂಡ್ಸ್ ಗುಮಾಸ್ತನಾಗಿ ಚೀಟಿಗಳಿಗೆ ಮುದ್ರೆ ಒತ್ತಬೇಕಿದ್ದವನು ಅವನೇ. ಸೊಂಟ ಹಿಡಿದುಕೊಂಡಿದೆ ಎಂದು ಫೋನ್ ಮಾಡಿದ. ಮೂರಕ್ಕೆ ಹತ್ತು ನಿಮಿಷ! ಮುದ್ರೆಯಿಲ್ಲದೆ ಚೀಟಿ ಚಲಿಸದು, ಚೀಟಿಯಿಲ್ಲದೆ ವ್ಯಾಗನ್ ಚಲಿಸದು. ಭಾವ ಅತ್ತಿತ್ತ ನೋಡಿದರು. ಅಕ್ಕ ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನೀನೇ ಕೂತ್ಕೋ. ಸುಮ್ಮನೆ ಮುದ್ರೆ ಒತ್ತೋದು, ಬೇರೇನೂ ಇಲ್ಲ" ಎಂದರು ಭಾವ. ಡಾಕ್ಟರ ಕಡೆ ತಿರುಗಿ ಹೆಮ್ಮೆಯಿಂದ, "ಸಾರ್, ನಮ್ಮಲ್ಲಿ ಗುಮಾಸ್ತರೂ ಅಸಲಿ!" ಎಂದೂ ಸೇರಿಸಿದರು. ಮೊಲವೊಂದು ನರಿಯನ್ನು ಕರೆದು ಬಿಲಕ್ಕೆ ಕಾವಲು ಕೂರಿಸಿದಂತಾಯಿತು.

ಅಕ್ಕ ಬಿಸ್ಕತ್ ಡಬ್ಬಿಯನ್ನು ಮೇಜು ಮಾಡಿಕೊಂಡು ಬಾಗಿಲ ಬಳಿ ಕೂತಳು. ಕನ್ನಡಕ ಏರಿಸಿದಳು. ಕಿವಿಗೆ ಪೆನ್ಸಿಲ್ ಸಿಕ್ಕಿಸಿದಳು. ಮೊದಲ ಚೀಟಿ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದಳು.

"ತೂಕ ಎಲ್ಲಿ?"

"ತೂಕವಾ? ಇದು..." 'ಆಟ' ಎಂಬ ಶಬ್ದ ಭಾವನ ನಾಲಿಗೆಯ ತುದಿಗೆ ಬಂದು ಅಲ್ಲೇ ಬ್ರೇಕ್ ಹಾಕಿತು.

ಅಡುಗೆಮನೆಯ ತಕ್ಕಡಿ ಬಂತು. ಇಪ್ಪತ್ತನಾಲ್ಕು ವ್ಯಾಗನ್ನೂ ಒಂದೊಂದಾಗಿ ತಕ್ಕಡಿ ಹತ್ತಿ ಇಳಿದವು. ಹಿಟ್ಟಿನ ವ್ಯಾಗನ್ನಿನ ಮುಚ್ಚಳ ತೆಗೆದು ಅಕ್ಕ ಒಳಗೆ ಇಣುಕಿದಳು.

"ಹಿಟ್ಟು ಎಲ್ಲಿ?"

"ಇದೆ ಅಂತ ಕಲ್ಪಿಸ್ಕೋಬೇಕು ಕಣೇ."

"ಆಯ್ತು. ಮುದ್ರೆ ಒತ್ತಿದ್ದೀನಿ ಅಂತ ಕಲ್ಪಿಸ್ಕೊಂಡು ಹೊರಡಿ."

ಹಲ್ಲಿನ ಡಾಕ್ಟರಿಗೆ ರೋಮಾಂಚನವಾಯಿತು. "ಮೇಡಂ ಹೇಳೋದು ಸರಿ! ನಿಜವಾದ ಸರಕು ತುಂಬಿಸೋಣ!" ಎಂದರು. ಅವರ ಮನೆಯ ಸರಕಲ್ಲವಲ್ಲ! ಹಿಟ್ಟು, ಉಪ್ಪು, ಸಕ್ಕರೆ ಎಲ್ಲ ಅಡುಗೆಮನೆಯಿಂದ ಚಮಚದಲ್ಲಿ ಬಂದು ವ್ಯಾಗನ್ ತುಂಬಿದವು. ಆಗ ಗಂಟೆ ಮೂರೂವರೆ. ತಲುಪಿದ ವ್ಯಾಗನ್‌ಗಳು: ಸೊನ್ನೆ.

ಬಿಸ್ಕತ್ ಕಾರ್ಖಾನೆಯ ಸಕ್ಕರೆ ವ್ಯಾಗನ್ನಿನ ಚೀಟಿ ಮಾತ್ರ ಅಕ್ಕನ ಕೈಯಿಂದ ದಾಟಲಿಲ್ಲ. "ತಗೊಳ್ಳೋರ ಸಹಿ ಇಲ್ಲ. ಇದನ್ನ ಮೂರನೇ ಸೈಡಿಂಗಿಗೆ ಹಾಕಿ. ಕಿಟಕಿ ಪಕ್ಕದ ಒಂಟಿ ಹಳಿ."

"ಸಹಿ ಈಗಲೇ ಮಾಡ್ತೀನಿ, ಕೊಡಿ" ಎಂದರು ಡಾಕ್ಟರು.

"ಕಾರ್ಖಾನೆ ಯಜಮಾನರು ನೀವಾ? ಹಾಗಂತ ಪತ್ರ ತನ್ನಿ."

ಡಾಕ್ಟರು ತಮ್ಮನ್ನು ತಾವೇ ಯಜಮಾನರೆಂದು ನೇಮಿಸಿಕೊಂಡು ಪತ್ರ ಬರೆದರು. ಬರೆದು ತಂದಾಗ ನಾಲ್ಕು ಗಂಟೆ. ಅಕ್ಕ ಡಬ್ಬಿಯ ಮೇಲೆ ಟವೆಲ್ ಹೊದಿಸಿದಳು.

"ಕೌಂಟರ್ ಮುಚ್ಚಿದೆ. ಟೀ ಹೊತ್ತು."

"ಎಷ್ಟು ಹೊತ್ತು ಮೇಡಂ?"

"ಟೀ ಮುಗಿಯೋವರೆಗೆ."

ರೋಗಿಗಳನ್ನು ಬೆಂಚಿನ ಮೇಲೆ ಕೂರಿಸಿ ಕಾಯಿಸುವುದರಲ್ಲೇ ಆಯುಷ್ಯ ಸವೆಸಿದ್ದ ಡಾಕ್ಟರು ಜೀವನದಲ್ಲಿ ಮೊದಲ ಬಾರಿ ತಾವೇ ಕಾದರು. ಮುಖದಲ್ಲಿ ಧನ್ಯತೆ! "ಎಂಥಾ ನೈಜತೆ! ಮೈ ಉರಿಯುತ್ತಿದೆ, ಆದರೂ ಏನೂ ಮಾಡೋ ಹಾಗಿಲ್ಲ!" ಎಂದು ಭಾವನ ಕೈ ಕುಲುಕಿದರು.

ಕೌಂಟರ್ ತೆರೆದದ್ದು ನಾಲ್ಕೂಕಾಲಿಗೆ. ಡ್ರಿಲ್ ಮಾಸ್ತರರು ಎಂಟು ವ್ಯಾಗನ್ ಕಟ್ಟಿಕೊಂಡು ಸೀಟಿ ಊದಿ ಹೊರಟರು. ಖಾಲಿ ವ್ಯಾಗನ್ ಎಳೆದು ಅಭ್ಯಾಸವಿದ್ದ ಎಂಜಿನ್ನು ಬೀರುವಿನ ಹಿಂದಿನ ಏರು ಹತ್ತಲಾರದೆ ನಿಂತಲ್ಲೇ ಚಕ್ರ ತಿರುಗಿಸತೊಡಗಿತು. ಮಾಸ್ತರರು ಮೆಲ್ಲನೆ ಬೆರಳು ಚಾಚಿ ಹಿಂದಿನಿಂದ ಒಂದು ಒತ್ತು ಕೊಟ್ಟರು.

"ಯಾರದದು ಕೈ?" ಬಾಗಿಲಿನಿಂದ ಗುಡುಗು. "ಇಪ್ಪತ್ತೆರಡು ವರ್ಷದಲ್ಲಿ ನಮ್ಮ ಯಾರ್ಡಿಗೆ ಆಕಾಶದಿಂದ ಕೈ ಇಳಿದು ಬಂದು ಗಾಡಿ ತಳ್ಳಿದ್ದನ್ನ ನಾನು ನೋಡಿಲ್ಲ!"

ಮಾಸ್ತರರು ಬೆಚ್ಚಿ ಕೈ ತೆಗೆದರು. ಎಂಟು ವ್ಯಾಗನ್ನೂ ಹಿಮ್ಮುಖವಾಗಿ ಇಳಿದು, ತಿರುವಿನಲ್ಲಿ ಹಳಿ ಬಿಟ್ಟು, ಹಿಟ್ಟು ಚೆಲ್ಲಿದವು. ಮರದ ಮಿಲ್ಲಿನ ಮೇಲೆ ಹಿಮ ಬಿತ್ತು. ಬಗ್ಗಿ ನೋಡುತ್ತಿದ್ದ ಡಾಕ್ಟರ ಮೀಸೆಗೆ ಒಂದೇ ಕ್ಷಣದಲ್ಲಿ ಎಂಬತ್ತು ವರ್ಷ ವಯಸ್ಸಾಯಿತು. ಹಿಟ್ಟು ಗುಡಿಸಿ, ಮತ್ತೆ ತುಂಬಿ, ಮತ್ತೆ ತೂಗಿ, ಅಪಘಾತದ ವರದಿ ಮೂರು ಪ್ರತಿ ಬರೆದು ಗಾಡಿ ಮತ್ತೆ ಹೊರಟಾಗ ಐದು ಗಂಟೆ.

ಆದರೂ ಭಾವ ಸೋಲುವವರಲ್ಲ. ನಾಲ್ಕು ನಾಲ್ಕು ವ್ಯಾಗನ್ನಾಗಿ ಒಡೆದು ಎಳೆದರು. ಬೆವರಿದರು. ಮೊಣಕಾಲೂರಿದರು. ಐದೂ ಮುಕ್ಕಾಲಿಗೆ ಇಪ್ಪತ್ತಮೂರು ವ್ಯಾಗನ್ ತಲುಪಿದ್ದವು! ಉಳಿದದ್ದು ಮೂರನೇ ಸೈಡಿಂಗಿನ ಸಕ್ಕರೆ. ಯಜಮಾನರ ಪತ್ರ, ಯಜಮಾನರ ಸಹಿ, ಮುದ್ರೆ, ಎಲ್ಲ ಮುಗಿದು ಸಕ್ಕರೆ ವ್ಯಾಗನ್ ಬಿಸ್ಕತ್ ಕಾರ್ಖಾನೆಯ ಬಾಗಿಲಿಗೆ ಬಂದು ನಿಂತಿತು. ಆರಕ್ಕೆ ಐದು ನಿಮಿಷ. ಭಾವ ಎರಡೂ ತೋಳು ಮೇಲೆತ್ತಿದರು.

"ಇರಿ, ಮಾಲು ನೋಡಬೇಕು" ಎಂದು ಅಕ್ಕ ಎದ್ದು ಬಂದು ಮುಚ್ಚಳ ತೆಗೆದಳು. "ಇದು ಗೂಡ್ಸ್ ಅಲ್ವಲ್ರೀ, ಪ್ಯಾಸೆಂಜರ್."

ಒಳಗೆ ಇರುವೆಗಳು! ಸಕ್ಕರೆ ಹುಡುಕಿದರೆ ಹತ್ತು ಹರಳು. ಎರಡೂಕಾಲು ಗಂಟೆ ಸೈಡಿಂಗಿನಲ್ಲಿ ನಿಂತಿದ್ದ ವ್ಯಾಗನ್ನಿನಿಂದ ಕಿಟಕಿಯ ಚೌಕಟ್ಟಿನವರೆಗೆ ಕಪ್ಪು ಸಾಲು. ಆ ಮಧ್ಯಾಹ್ನ ಚೀಟಿಯಿಲ್ಲದೆ, ಸೀಟಿಯಿಲ್ಲದೆ, ಹಳಿ ತಪ್ಪದೆ ಸರಕು ಸಾಗಿಸಿದವರು ಅವರು ಮಾತ್ರ.

"ಅದೂ ಟಿಕೆಟ್ ಇಲ್ಲದೋರು" ಎಂದಳು ಅಕ್ಕ.

ಡಾಕ್ಟರು ಭಾವನ ಕಿವಿಯಲ್ಲಿ, "ಇನ್ನೂ ನಾಲ್ಕು ನಿಮಿಷ ಇದೆ. ಓಡಿ, ಸಕ್ಕರೆ ತನ್ನಿ. ನಾನು ನೋಡ್ಕೋತೀನಿ" ಎಂದು ಪಿಸುಗುಟ್ಟಿ, ಅಕ್ಕನ ಕಡೆ ತಿರುಗಿದರು. "ಮೇಡಂ, ಸ್ವಲ್ಪ ಬಾಯಿ ತೆಗೀರಿ. ಆ ಎಡಗಡೆ ದವಡೆ ಹಲ್ಲು ನನಗ್ಯಾಕೋ ಸರಿ ಕಾಣ್ತಿಲ್ಲ."

ಭಾವ ಚಮಚ ಹಿಡಿದು ಅಡುಗೆಮನೆಗೆ ಓಡಿದರು. ಸಕ್ಕರೆ ಡಬ್ಬಿ ಸಿಕ್ಕಿತು. ಎತ್ತಲು ಹೋದರೆ ಅದಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಒಂದು ದಪ್ಪ ಪುಸ್ತಕವನ್ನು ನಿಲ್ಲಿಸಿತ್ತು, ಒಲೆಯ ಮುಂದೆ ನಿಂತವರ ಕಣ್ಣಿನ ಎತ್ತರಕ್ಕೆ. ಪರೀಕ್ಷೆಯ ಪುಸ್ತಕ. ಪುಟದ ಅಂಚಿನಲ್ಲೆಲ್ಲ ಒಗ್ಗರಣೆಯ ಎಣ್ಣೆಚುಕ್ಕೆ. ಪಕ್ಕದಲ್ಲೊಂದು ನೋಟ್‌ಬುಕ್ಕು, ಅದರಲ್ಲಿ ಪುಸ್ತಕದ ಸಣ್ಣ ಅಕ್ಷರಗಳನ್ನೆಲ್ಲ ಪೆನ್ಸಿಲಿನಲ್ಲಿ ದಪ್ಪದಪ್ಪ ಮಾಡಿ ಇಳಿಸಿಕೊಂಡಿತ್ತು. ಒಂದೊಂದು ಅಕ್ಷರವೂ ಗೋಲಿಯಷ್ಟು.

ಯಾಕೆ ಹೀಗೆ ಬರೆದುಕೊಂಡಿದ್ದಾಳೆ ಎಂದು ಕನ್ನಡಕದ ಅಂಗಡಿಯವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಭಾವ ವಾಪಸು ಬಂದರು. ಬಾಯಿ ಅಗಲಿಸಿ ಕೂತಿದ್ದ ಅಕ್ಕನ ಮೂಗಿನ ಮೇಲೆ ಕನ್ನಡಕವಿತ್ತು. ಅವರೇ ಆರು ವರ್ಷದ ಹಿಂದೆ ಮಾಡಿಕೊಟ್ಟದ್ದು. ಅದರ ಒಂದು ಕಡ್ಡಿಯನ್ನು ದಾರದಲ್ಲಿ ಕಟ್ಟಿತ್ತು. ಮಧ್ಯಾಹ್ನವೆಲ್ಲ ಅದರೊಳಗಿಂದಲೇ ಅವಳು ಇವರ ಇಪ್ಪತ್ತನಾಲ್ಕು ಚೀಟಿ ಪರೀಕ್ಷಿಸಿದ್ದಳು. ಇವರು ಚೀಟಿ ನೋಡಿದ್ದರೇ ಹೊರತು ದಾರ ನೋಡಿರಲಿಲ್ಲ.

ಡಾಕ್ಟರು ಹುಬ್ಬು ಕುಣಿಸಿದರು. ಭಾವನ ಚಮಚ ಖಾಲಿಯಿತ್ತು.

"ಬರ್ಕೋ" ಎಂದರು ಭಾವ. "ಇಪ್ಪತ್ತನಾಲ್ಕನೇ ವ್ಯಾಗನ್. ಮಾಲು ತಲುಪಿಲ್ಲ."

ಅಕ್ಕ ಬಾಯಿ ಮುಚ್ಚಿದಳು. ಆಮೇಲೆ ಬಿಸ್ಕತ್ ಡಬ್ಬಿ ಅದುರುವಂತೆ ಮುದ್ರೆ ಒತ್ತಿದಳು. "ಸಹಿ ಹಾಕಿ. ಮೂರು ಪ್ರತಿ."

ಆ ವಾರವೇ ಹಿಂದಿನ ಕೋಣೆ ಖಾಲಿಯಾಯಿತು. ಚಿಲಕವನ್ನು ಭಾವನೇ ಕೂರಿಸಿದರು, ಸ್ವಲ್ಪ ಸೊಟ್ಟಗೆ. ರಾಷ್ಟ್ರದ ಸರಬರಾಜು ಈಗ ಹಜಾರದ ಆರಡಿ ಹಲಗೆಯ ಮೇಲೆ ನಡೆಯುತ್ತದೆ, ಬಿಸ್ಕತ್ ಕಾರ್ಖಾನೆ ಫ್ರಿಜ್ಜಿನ ತಲೆಗೆ ಹೋಗಿದೆ. ಹೊಸ ಕನ್ನಡಕವೂ ಬಂತು. ಅದನ್ನು ಹಾಕಿಕೊಂಡು ಅಕ್ಕ ಗಂಡನನ್ನು ನೋಡಿದವಳೇ, "ಅಯ್ಯೋ, ನಿಮಗೆ ಇಷ್ಟೊಂದು ವಯಸ್ಸಾಗಿದೆಯೇನ್ರೀ!" ಎಂದಳಂತೆ. ಪರೀಕ್ಷೆಯೂ ಪಾಸಾಯಿತು. ಕ್ಲಬ್ಬಿನವರು ಒಮ್ಮತದಿಂದ, ಇಂಥ ನೈಜ ಸಾಗಣೆಯನ್ನು ಎಲ್ಲೂ ಕಂಡಿಲ್ಲವೆಂದು ಭಾವನಿಗೆ ಒಂದು ಫಲಕ ಕೊಟ್ಟರು. ಅದರಲ್ಲಿ ಕೆತ್ತಿಸಿದ್ದು ಅಕ್ಕನ ಹೆಸರು.

ಮೊನ್ನೆ ಹೋದಾಗ ಸೂಪರ್‌ವೈಸರ್ ಮೇಡಂ ತಮ್ಮ ಕೋಣೆಯಲ್ಲಿ, ತಮ್ಮ ಮೇಜಿನ ಮುಂದೆ, ಟೀ ಕುಡಿಯುತ್ತಿದ್ದರು. ನನಗೆ ಬಹಳ ದಿನದಿಂದ ಒಂದು ಅನುಮಾನ. ತಗ್ಗಿದ ದನಿಯಲ್ಲಿ ಕೇಳಿಯೇಬಿಟ್ಟೆ: "ಅಕ್ಕಾ, ನಿಜ ಹೇಳು. ಸಕ್ಕರೆ ವ್ಯಾಗನ್ನೇ ಯಾಕೆ ತಡೆದೆ? ಕಿಟಕಿ ಪಕ್ಕದ ಸೈಡಿಂಗಿಗೆ ಇರುವೆ ಬರುತ್ತೆ ಅಂತ ನಿನಗೆ ಮೊದಲೇ ಗೊತ್ತಿತ್ತಾ?"

ಅಕ್ಕ ಹೊಸ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು.

"ಇಪ್ಪತ್ತು ವರ್ಷ ಈ ಕೋಣೆ ಕಸ ಗುಡಿಸಿದ್ದು ಯಾರು ಅಂದ್ಕೊಂಡಿದ್ದೀಯೋ?"