ಕಾಕಾರ ಸಿ ಡ್ರೈವ್ ಖಾಲಿ ಮಾಡಿದ್ದು

ನಮ್ಮ ಕಾಕಾರ ಕಂಪ್ಯೂಟರಿನಿಂದ ಒಂದು ಫೈಲ್ ಅಳಿಸುವುದಕ್ಕಿಂತ ಜೇವರ್ಗಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರನ್ನು ಎಬ್ಬಿಸುವುದು ಸುಲಭ. ಅಪ್ಪನ ತಮ್ಮನಾದ ಅವರಿಗೆ ಆಳಂದದಲ್ಲಿ ಲಗ್ನಪತ್ರಿಕೆ ಮಾಡಿಕೊಡುವ, ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯಿದೆ. ಆಪರೇಟಿಂಗ್ ಸಿಸ್ಟಂ ಹಳೆಯದಾಗಿ ಅರ್ಜಿಯ ಪುಟಗಳು ತೆರೆಯುವುದನ್ನೇ ನಿಲ್ಲಿಸಿದ್ದವು. ಅರ್ಜಿ ನಿಂತರೆ ಅಂಗಡಿಯೂ ನಿಂತಂತೆ. ಹೊಸದನ್ನು ಹಾಕಲು ಸಿ ಡ್ರೈವಿನಲ್ಲಿ ಇಪ್ಪತ್ತು ಜಿಬಿ ಜಾಗ ಬೇಕು. ಅಲ್ಲಿ ಇರುವೆ ನುಸುಳಲೂ ಜಾಗವಿರಲಿಲ್ಲ. ಡಿ ಡ್ರೈವೂ ಭರ್ತಿ, ಫೋನೂ ಭರ್ತಿ. ಪೆನ್‌ಡ್ರೈವ್ ಅಫಜಲಪುರದ ಗಿರಾಕಿಯೊಬ್ಬರ ಜೇಬಿನಲ್ಲಿ ಹೋದದ್ದು ತಿರುಗಿ ಬಂದಿಲ್ಲ.

ಹೋದ ತಿಂಗಳಷ್ಟೇ ಇದೇ ಕೆಲಸ ಮಾಡಲು ಹೋಗಿ ನನ್ನ ಲ್ಯಾಪ್‌ಟಾಪಿನಲ್ಲಿದ್ದದ್ದನ್ನೆಲ್ಲ ಕಳೆದುಕೊಂಡವನು ನಾನು; ಅದಿನ್ನೂ ರಿಪೇರಿಯಲ್ಲೇ ಇದೆ. ಒಂದೊಂದು ಫೈಲಿನ ಹೆಸರನ್ನೂ ಎರಡೆರಡು ಸಲ ಓದುತ್ತಿದ್ದೆ. ಕಾಕಾ ನನಗಿಂತ ನಿಧಾನ. ಯಾರ ಪತ್ರಿಕೆಯಾದರೂ ಅವರನ್ನು ಕೇಳಿಯೇ ಅಳಿಸಬೇಕಂತೆ! ಮೊದಲು ನಿಂಬರ್ಗಾದ ಹಳೆಯ ಗಿರಾಕಿಯೊಬ್ಬರಿಗೆ ಫೋನ್ ಹಚ್ಚಿದರು.

“ನಿಮ್ಮ ಮಗಳ ಲಗ್ನಪತ್ರಿಕಾ ತೆಗೀಲೇನ್ರಿ?”

“ಯಾಕ್ರಿ, ಏನಾತ್ರಿ? ನಿನ್ನೆರ ಚಲೋ ಮಾತಾಡ್ಯಾಳಲ್ರಿ.”

ಅರ್ಧ ತಾಸಿನಲ್ಲಿ ಆ ಮಗಳೇ ಗಂಡನ ಮನೆಯಿಂದ ಫೋನ್ ಮಾಡಿದಳು: “ಕಾಕಾರ, ನಮ್ಮಪ್ಪ ಗಾಬರಿಯಾಗಿ ಬಸ್ ಹತ್ಯಾರಂತ. ಅವ್ರಿಗೆ ಏನ್ ಹೇಳೀರಿ?”

ಗೊಬ್ಬೂರಿನವರು, “ಇರ್ಲಿ ಬಿಡ್ರಿ, ಸಣ್ಣಾಕಿಗೂ ವರಾ ನೋಡಾಕತ್ತೇವಿ. ಹೆಸರಷ್ಟ ಬದ್ಲಿ ಮಾಡಿದ್ರಾತು” ಎಂದರು.

ಕೊನೆಗೆ ರಿಸೈಕಲ್ ಬಿನ್ ತೆರೆದೆ. ಇಷ್ಟು ವರ್ಷ ಅಳಿಸಿದ್ದೆಲ್ಲ ಅಲ್ಲೇ ಕೂತಿತ್ತು.

“ತಗದದ್ದು ನಾಕ್ ದಿನ ಅಂಗಳದಾಗ ಇರ್ಬೇಕಲೇ. ಯಾರರ ಕೇಳ್ಕೊಂತ ಬಂದ್ರ?” ಎಂದರು ಕಾಕಾ.

ಅದನ್ನು ಖಾಲಿ ಮಾಡಿದರೂ ಎರಡು ಜಿಬಿ ಕಡಿಮೆ. ಉಳಿದ ದೊಡ್ಡ ಫೈಲ್ ಒಂದೇ: ಕಾಕಾರದೇ ಲಗ್ನದ ವಿಡಿಯೋ. ಮೂಲ ಕ್ಯಾಸೆಟ್ ಎಂದೋ ಬೂಸ್ಟು ಹಿಡಿದು ಹಾಳಾಗಿತ್ತು. ನಾನು ಮೌಸ್ ಬಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡೆ. ಕಾಕಾ ಎದ್ದು, ಅಂಗಡಿಯ ಹಿಂದಿನ ಮನೆಯಲ್ಲಿದ್ದ ಕಾಕಿಯನ್ನು ಕರೆದರು.

“ನಮ್ಮ ಲಗ್ನದ ವಿಡಿಯೋ ಅಳಸ್ಲೇನು?” ದನಿ ಸಣ್ಣದಾಗಿತ್ತು.

“ಅಳಸ್ರಿ. ಲಗ್ನ ಇನ್ನೂ ನಡದೇ ಅದಲ್ಲ,” ಎಂದರು ಕಾಕಿ.

ಕಾಕಾ ಮರಳಿ ಕೂತು ಡಿಲೀಟ್ ಕೀಲಿಯ ಮೇಲೆ ಬೆರಳಿಟ್ಟರು, ಒತ್ತಲಿಲ್ಲ. ಕಾಕಿ ಸೆರಗಿಗೆ ಕೈ ಒರೆಸಿಕೊಂಡು ಪಕ್ಕದ ಕುರ್ಚಿಯಲ್ಲಿ ಕೂತರು.

“ಮೊದ್ಲ ಒಂದ್ಸಲ ಹಚ್ರಿ, ನೋಡೂಣು. ಆಮ್ಯಾಲ ಅಳಸೂಣು.”

ನಾನು ಶಟರ್ ಅರ್ಧ ಇಳಿಸಿ ಹೊರಗೆ ನಿಂತೆ. ಗಿರಾಕಿಯೊಬ್ಬರು ಬಂದು, “ಅರ್ಜಿ ತುಂಬೂದಿತ್ರಿ. ಕಾಕಾ ಇಲ್ಲೇನ್ರಿ?” ಎಂದು ಕೇಳಿದರು.

“ನಾಳಿ ಬರ್ರಿ,” ಅಂದೆ. “ಕಾಕಾ ಲಗ್ನಕ್ಕ ಹೋಗ್ಯಾರ.”