ಅಕ್ಕನ ಬೈಗುಳಕ್ಕೊಂದು ಯುಪಿಎಸ್

ಹಲಗೂರಿನಲ್ಲಿ ಕರೆಂಟು ಹೋದರೆ ಎಲ್ಲರೂ ಬೀಸಣಿಗೆ ಹುಡುಕುತ್ತಾರೆ; ನಮ್ಮ ಭಾವ ಎದೆ ಹಿಡಿದುಕೊಳ್ಳುತ್ತಾರೆ! ಅವರ ಮನೆಯ ಮೂಲೆಯಲ್ಲೊಂದು ಪುಟ್ಟ ಸರ್ವರ್ ಪೆಟ್ಟಿಗೆ ಇದೆ. ಅದರೊಳಗೇನಿದೆ ಅಂತೀರಿ? ಬೈಗುಳ. ನನ್ನಕ್ಕ ಫೋನಿನಲ್ಲಿ ಅವರನ್ನು ಬೈದದ್ದೆಲ್ಲ ರೆಕಾರ್ಡ್ ಆಗಿ ಅಲ್ಲಿ ಕೂತಿದೆ. ಹೋದ ವರ್ಷ ಗಂಟಲಿನ ಆಪರೇಷನ್ ಆದಮೇಲೆ ಅಕ್ಕನಿಗೆ ದನಿ ಹೋಯಿತು. ಭಾವನಿಗೆ ಈಗ ದಿನಕ್ಕೊಂದು ಹಳೆಯ ಬೈಗುಳ ಕೇಳದಿದ್ದರೆ ಕಾಫಿಯೂ ಇಳಿಯುವುದಿಲ್ಲ.

ಮೊನ್ನೆ ಕರೆಂಟು ದಿಢೀರನೆ ಹೋಗಿ, ಪೆಟ್ಟಿಗೆ ಎರಡು ದಿನ ಬಾಯಿ ಬಿಡಲಿಲ್ಲ. ಭಾವನೂ ಅಷ್ಟೆ. ಹೇಗೋ ಸರಿಹೋಯಿತೆನ್ನಿ.

"ಇನ್ನೊಂದು ಕಾಪಿ ಇಡಿ ಭಾವ. ನನ್ನ ಫೋನಿಗೇ ಹಾಕಿ" ಅಂದೆ.

"ನನ್ನ ಬೈದಿರೋದು ನಿಂಗ್ಯಾಕ್ಲಾ? ಯುಪಿಎಸ್ ತರಾನ, ನಡಿ."

ಮಂಡ್ಯದ ಅಂಗಡಿಯಲ್ಲಿ ನಡೆದದ್ದು ಥೇಟ್ ಎತ್ತಿನ ವ್ಯಾಪಾರ. ಭಾವ ಒಂದೊಂದು ಯುಪಿಎಸ್ಸನ್ನೂ ಎತ್ತಿ ಭಾರ ನೋಡಿದರು, ಬೆನ್ನು ತಟ್ಟಿದರು, ಹಿಂದಕ್ಕೆ ಹೋಗಿ ಬಗ್ಗಿ ನೋಡಿದರು.

"ಇದು ಅಗುರ ಐತೆ. ಒಳಗೆ ಬ್ಯಾಟ್ರಿ ಐತೋ, ಬರೀ ಡಬ್ಬವೋ?"

"ಇದೆ ಸರ್. ಅರ್ಧ ಗಂಟೆ ಬರುತ್ತೆ" ಅಂದರು ಅಂಗಡಿಯವರು.

"ಅರ್ಧ ಗಂಟೇಲಿ ನಮ್ಮೂರ್ಗೆ ಕರೆಂಟು ಬತ್ತದೆ ಅಂತ ಬರ್ಕೊಡ್ತೀರಾ?"

ಬ್ಯಾಟರಿ ಮುಗಿಯುವ ಮೊದಲೇ ಸರ್ವರ್ ಕೆಡದಂತೆ ತಾನಾಗಿ ಆಫ್ ಆಗಲು ಒಂದು ಕೇಬಲ್ ಇದೆ ಎಂದು ಅಂಗಡಿಯವರು ವಿವರಿಸಿದರು. ಭಾವ ಅದನ್ನು ಮೂರು ಸಲ ಹೇಳಿಸಿಕೊಂಡು, ಎಲ್ಲಕ್ಕಿಂತ ಭಾರದ್ದನ್ನು ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಊರಿಗೆ ಬಂದರು. ಇಳಿಯುವಾಗ ಕಾಲು ಜೋಮು ಹಿಡಿದಿತ್ತು. ಆದರೂ ನನ್ನ ಕೈಗೆ ಕೊಡಲಿಲ್ಲ.

ಜೋಡಿಸಿದ್ದಾಯಿತು. ಇನ್ನು ಗೋಡೆಯ ಸ್ವಿಚ್ ಆಫ್ ಮಾಡಿ ಪರೀಕ್ಷಿಸಬೇಕು. ಭಾವನ ಕೈ ಅಲ್ಲಿಯವರೆಗೆ ಹೋಗುತ್ತದೆ, ವಾಪಸ್ ಬರುತ್ತದೆ. "ನೀನೇ ಮಾಡ್ಲಾ" ಅಂದರು. ನಾನು ಕೈ ಚಾಚಿದರೆ "ತಡಿ, ತಡಿ" ಎಂದು ಹಿಡಿದುಕೊಂಡರು. ನಿಜ ಹೇಳುತ್ತೇನೆ, ನನಗೂ ಭಯವಾಯಿತು. ಅಕ್ಕನ ದನಿ ಅಂತ ಉಳಿದಿರುವುದು ಅದೊಂದೇ ತಾನೆ?

ಅಡುಗೆಮನೆಯಿಂದ ಅಕ್ಕ ಬಂದಳು. ನಮ್ಮಿಬ್ಬರನ್ನೂ ನೋಡಿದಳು. ಸೀದಾ ಹೋಗಿ ಸ್ವಿಚ್ ಆಫ್ ಮಾಡಿಯೇಬಿಟ್ಟಳು.

ಯುಪಿಎಸ್ ಕೀಂಕೀಂ ಎಂದಿತು. ಸರ್ವರಿನ ದೀಪ ಆರಲಿಲ್ಲ. ಆದರೂ ಭಾವ ಅದರ ಮುಂದೆ ಕೂತು ಅದನ್ನೇ ನೋಡುತ್ತ, ಏಳಲೇ ಇಲ್ಲ. ಅಕ್ಕ ತನ್ನ ಫೋನಿನಲ್ಲಿ ಏನೋ ಬರೆದು ಅವರ ಮುಖಕ್ಕೆ ಹಿಡಿದಳು:

"ಹಳೇದೇ ಎಷ್ಟು ದಿನ ಕೇಳ್ತೀಯ? ಬೈಯಕ್ಕೆ ನಾನಿನ್ನೂ ಇವ್ನಿ. ಮುದ್ದೆ ಆರೋಯ್ತದೆ, ಬಾ."

ಭಾವ ಓದಿದರು. ಇನ್ನೊಂದು ಸಲ ಓದಿದರು. ಕಣ್ಣೊರೆಸಿಕೊಂಡು "ಬಂದೆ ಕಣಮ್ಮಿ" ಎಂದು ಎದ್ದರು. ಯುಪಿಎಸ್ ಕೂಗುತ್ತಲೇ ಇತ್ತು; ಅವರು ತಿರುಗಿ ನೋಡಲಿಲ್ಲ.